ನಳ ಬಂದ ಶುಭ ಶುಕ್ರವಾರ

ನಮ್ಮ ಅತ್ತೆಯವರ ಸಿಟ್ಟಿಗೆ ನಾನು ಎಂದೂ ಹೆದರಿದವಳಲ್ಲ. ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ನಾನು ಹೆದರುತ್ತಿದ್ದದ್ದು ಅವರ ತ್ಯಾಗಕ್ಕೆ. ಬೇರೆ ಸೊಸೆಯಂದಿರು ಅತ್ತೆ ಕಸಿದುಕೊಂಡದ್ದನ್ನು ಹೇಳಿಕೊಂಡು ಅಳುತ್ತಾರೆ. ನಾನು ಮದುವೆಯಾಗಿ ಧಾರವಾಡಕ್ಕೆ ಬಂದಾಗಿನಿಂದ ಅತ್ತೆ ಬಿಟ್ಟುಕೊಟ್ಟದ್ದನ್ನು ಹೇಳಿಕೊಂಡು ಗೋಳಾಡಿದವಳು. ಇಂಥ ಗೋಳನ್ನು ಕೇಳುವವರು ಯಾರು? ತವರಿನಲ್ಲಿ ಹೇಳಿದರೆ ನನ್ನ ಅವ್ವನೇ, "ಬಂಗಾರದಂಥಾ ಅತ್ತಿ ಸಿಕ್ಕಾಳ, ಸುಮ್ನ ಬಾಳ್ವೆ ಮಾಡು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಅತ್ತೆಯವರು ಬಾಲವಾಡಿಯಲ್ಲಿ ಕಲಿಸಿ ನಿವೃತ್ತರಾದವರು. ಓಣಿಯ ಮಂದಿಯೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಸುಳ್ಳು ಹೇಳಬಾರದು ಎಂದು ಅರ್ಧ ಧಾರವಾಡಕ್ಕೆ ಕಲಿಸಿದವರು. ಆದರೆ ಬಿಟ್ಟುಕೊಡುವ ಪ್ರಸಂಗ ಬಂದರೆ ಸಾಕು, ಅವರ ಬಾಯಿಂದ ಸುಳ್ಳು ಸಲೀಸಾಗಿ ಉದುರುತ್ತಿತ್ತು. ಮೊಸರು ಕಡಿಮೆ ಇದ್ದ ದಿನ "ನನಗ ಮಸರು ಸೇರೂದಿಲ್ಲ" ಎನ್ನುವರು. ಮರುದಿನ ಪಾತ್ರೆ ತುಂಬಾ ಹೆಪ್ಪಾದರೆ ಎರಡು ಬಟ್ಟಲು ಹೊಡೆಯುವರು. ಸುಟ್ಟ ರೊಟ್ಟಿಯನ್ನು ಎಳೆದುಕೊಂಡು, "ಖಡಕ್ ಇದ್ದದ್ದ ನನಗ ಛಲೋ" ಎನ್ನುವರು. ಅರ್ಧ ಹಲ್ಲು ಉದುರಿದ ಬಾಯಿ ಅದು. ಆ ರೊಟ್ಟಿಯೊಂದಿಗೆ ಅವರು ಗುದ್ದಾಡುವುದನ್ನು ನೋಡುತ್ತ ಮೆತ್ತನೆಯ ರೊಟ್ಟಿ ತಿನ್ನುವವರ ಗಂಟಲಲ್ಲಿ ತುತ್ತು ಇಳಿಯಬೇಕಲ್ಲ!

ಈ ಗುಣ ಅಂಟುರೋಗವಿದ್ದಂತೆ. ನನ್ನ ಗಂಡನಿಗೂ ಬಂದಿದೆ, ಬರಬರುತ್ತ ನನಗೂ ತಗುಲಿತು. ಭಾನುವಾರ ಕೋಳಿಸಾರು ಮಾಡಿದರೆ ಪಾತ್ರೆಯಲ್ಲಿ ಕೊನೆಯ ತುಂಡೊಂದು ಉಳಿಯುತ್ತಿತ್ತು. "ನೀ ತಗೊ." "ಬ್ಯಾಡ, ಅವ್ವಗ ಹಾಕು." "ನನಗ ಹೊಟ್ಟಿ ತುಂಬೇತಿ, ನೀವು ತಿನ್ರಿ." ಮೂವರೂ ಬಿಟ್ಟುಕೊಟ್ಟು, ಮೂವರೂ ಆಸೆಯಿಂದ ನೋಡಿ, ಕಡೆಗೆ ಸಂಜೆ ಅದು ಬೆಕ್ಕಿನ ಪಾಲಾಗುತ್ತಿತ್ತು. ಅದು ನಮ್ಮ ಬೆಕ್ಕೂ ಅಲ್ಲ, ಪಕ್ಕದ ಮನೆಯದು. ಲಿಂಗಾಯತರ ಮನೆಯಲ್ಲಿ ಹಾಲುಂಡು ಬೆಳೆಯಬೇಕಾದ ಪ್ರಾಣಿ ನಮ್ಮ ತ್ಯಾಗವನ್ನು ತಿಂದು ಗಡಿಗೆಯಷ್ಟು ದಪ್ಪಗಾಗಿತ್ತು.

ಆ ಮನೆಯ ಅಕ್ಕ ನಮಗೆ ಆಪ್ತರು. ಅವರ ಯಜಮಾನರದು ಕಾಳುಕಡಿಯ ವ್ಯಾಪಾರ. ಹಬ್ಬ ಬಂದರೆ ಹೋಳಿಗೆಯ ತಾಟು ಹಿಡಿದು ಬರುತ್ತಿದ್ದರು, ಅತ್ತೆಯವರು "ಬ್ಯಾಡವಾ, ಮನ್ಯಾಗ ಮಕ್ಕಳಿಗೆ ಆಗಲಿ" ಎಂದು ಅರ್ಧ ತಿರುಗಿಸಿ ಕಳಿಸುತ್ತಿದ್ದರು. ಒಮ್ಮೆ ಆ ಅಕ್ಕ ಬಾಗಿಲಲ್ಲೇ ನಿಂತು ರೇಗಿದರು.

"ಅಕ್ಕೋರ, ನಮ್ಮಾಗ ದಾಸೋಹ ಅಂತಾರ್ರಿ. ಉಣ್ಣಾವರ ಇಲ್ಲಂದ್ರ ದಾಸೋಹ ಎಲ್ಲಿ ಬಂತ್ರಿ? ನಿಮ್ಮಂಥಾವರು ನಾಕು ಮಂದಿ ಇದ್ರ ನಮ್ಮ ಧರ್ಮ ಬಂದ್ ಆಗತೈತಿ."

ಅತ್ತೆಯವರು ನಕ್ಕರು. ಅರ್ಧ ಹೋಳಿಗೆ ಆಗಲೂ ವಾಪಸು ಹೋಯಿತು.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ನಡುವೆ ನೀರು ಬರದಿದ್ದರೆ. ನೀರು ಎಂದರೆ ಧಾರವಾಡದಲ್ಲಿ ಏನೆಂದು ಬೇರೆ ಊರಿನವರಿಗೆ ಹೇಳುವುದು ಕಷ್ಟ. ನಮ್ಮಲ್ಲಿ ನೀರು ಬರುವುದಿಲ್ಲ, ‘ನಳ ಬರುತ್ತದೆ’. ಅದು ವಾರಕ್ಕೊಮ್ಮೆ ಬರುವ ಬೀಗರಿದ್ದಂತೆ. ಹೇಳಿದ ಹೊತ್ತಿಗೆ ಬರುವುದು ಖಾತ್ರಿಯಿಲ್ಲ, ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮುನಿಸಿಕೊಂಡು ಹೋಗಿಬಿಡುತ್ತದೆ. ದಿನವಿಡೀ ನೀರು ಬರುವ ಓಣಿಗಳೂ ಊರಲ್ಲಿವೆ. ನಮ್ಮ ಓಣಿಗೆ ಹೊಸ ಪೈಪು ಬಂದಿದೆ, ನೀರು ಬರುವುದೊಂದು ಬಾಕಿ. ನೀರನ್ನು ಹೀಗೆ ಕಾಯ್ದು ಕಾಯ್ದು ಅತ್ತೆಯವರಿಗೆ ಕುಡಿಯುವ ನೀರನ್ನೂ ಉಳಿಸುವ ರೂಢಿ ಬಿದ್ದಿತ್ತು. ಎಲ್ಲರೂ ಕುಡಿದ ಮೇಲೆ ಅವರು. ನಳ ಬರುವುದು ಒಂದು ದಿನ ತಡವಾದರೆ ತುಳಸಿಗೂ ಬೆಕ್ಕಿಗೂ ಸಿಕ್ಕಷ್ಟು ನೀರು ಅವರ ಹೊಟ್ಟೆಗೆ ಸಿಗುತ್ತಿರಲಿಲ್ಲ. ಕ್ರೈಸ್ತರ ಮನೆಯಲ್ಲಿ ತುಳಸಿ ಯಾಕೆ ಎಂದು ಕೇಳಬೇಡಿ, ಅದು ಕೆಮ್ಮಿಗೆ.

ಕಳೆದ ಚಳಿಗಾಲದಲ್ಲಿ ಅವರಿಗೆ ಸೊಂಟದಲ್ಲಿ ನೋವು ಕಾಣಿಸಿತು. ಯಥಾಪ್ರಕಾರ ಹೇಳಲಿಲ್ಲ. ಒಂದು ದಿನ ಒಲೆಯ ಮುಂದೆ ಕುಸಿದು ಕುಳಿತಾಗಲೇ ನಮಗೆ ಗೊತ್ತಾದದ್ದು. ಹುಬ್ಬಳ್ಳಿಯ ಡಾಕ್ಟರು ಮೂತ್ರಪಿಂಡದಲ್ಲಿ ಹರಳಾಗಿದೆ, ಒಂದು ಕಡೆಯದು ಆಗಲೇ ಸೋತಿದೆ ಎಂದರು. ಔಷಧ ಬರೆದು ಕೊಟ್ಟು, "ಅಮ್ಮಾ, ಇದಕ್ಕ ಖರೇ ಔಷಧ ನೀರು. ನೀರಡಿಕಿ ಆಗೂತನಾ ಕಾಯಬ್ಯಾಡ್ರಿ. ಇದ್ದದ್ದೊಂದನ್ನಾದ್ರೂ ಉಳಿಸಿಕೊಳ್ರಿ" ಎಂದು ಕೈಮುಗಿದರು. ಮರಳಿ ಬರುವಾಗ ಬಸ್ಸು ತುಂಬಿತ್ತು. ರಾಯಾಪುರದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಕಾಲೇಜು ಹುಡುಗನೊಬ್ಬ ಹತ್ತಿದ. ಅತ್ತೆಯವರು ಎದ್ದು, "ಕುಂದರಪಾ, ಭಾರ ಐತಿ" ಎಂದು ಅವನಿಗೆ ಸೀಟು ಬಿಟ್ಟುಕೊಟ್ಟರು! ಆ ಹುಡುಗ ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಅವತ್ತು ನನಗೆ ನಗು ಬರಲಿಲ್ಲ. ಈ ಮುದುಕಿ ಬಿಟ್ಟುಕೊಡುತ್ತ ಬಿಟ್ಟುಕೊಡುತ್ತ ಒಂದು ದಿನ ಜೀವವನ್ನೂ ಹಾಗೆಯೇ ಬಿಟ್ಟುಕೊಡುತ್ತಾಳೆ ಎನಿಸಿತು.

ಅಷ್ಟರಲ್ಲಿ ಶ್ರಮೆಯ ಕಾಲ ಬಂತು. ಈಸ್ಟರಿಗೆ ಮುಂಚಿನ ಈ ವಾರಗಳಲ್ಲಿ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಜೊತೆಗೆ ನಾವು ಒಬ್ಬೊಬ್ಬರೂ ಇಷ್ಟವಾದದ್ದೊಂದನ್ನು ಬಿಡುತ್ತೇವೆ. ನನ್ನ ಗಂಡ ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾರೆ. ಪಾಳಿ ಮುಗಿಸಿ ಬರುವ ದಾರಿಯಲ್ಲಿ ತಿನ್ನುವ ಗಿರಮಿಟ್ಟು, ಮಿರ್ಚಿ ಬಿಟ್ಟರು. ಬಿಟ್ಟದ್ದನ್ನು ದಿನಾ ಮನೆಗೆ ಬಂದು ವರ್ಣಿಸುತ್ತಿದ್ದರು. ನಾನು ಚಹಾ ಬಿಟ್ಟೆ. ಅದರಿಂದ ನನಗೆ ಎಷ್ಟು ಕಷ್ಟವಾಯಿತೋ ತಿಳಿಯದು, ಮನೆಯವರಿಗಂತೂ ಬಹಳ ಕಷ್ಟವಾಯಿತು. ಅತ್ತೆಯವರು ಏನು ಬಿಡಬೇಕು? ಅವರ ಬಳಿ ಬಿಡಲು ಉಳಿದದ್ದಾದರೂ ಏನಿತ್ತು?

ನಮ್ಮ ಚರ್ಚಿನಲ್ಲಿ ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಏಳು ಮಂದಿ ಮಾತಾಡುತ್ತಾರೆ, ಅದಕ್ಕೆ ನಾವು ಪ್ರಸಂಗ ಎನ್ನುತ್ತೇವೆ. ಬೆಳಗಿನಿಂದ ಉಪವಾಸ, ಮೂರು ಗಂಟೆಯವರೆಗೆ ಹನಿ ನೀರನ್ನೂ ಮುಟ್ಟುವುದಿಲ್ಲ. ಆಮೇಲೆ ಎಲ್ಲರಿಗೂ ಗಂಜಿ. ಏಳು ಮಾತುಗಳನ್ನು ಯಾವಾಗಲೂ ಏಳು ಮಂದಿ ಗಂಡಸರು ಹಂಚಿಕೊಳ್ಳುತ್ತಿದ್ದರು. ಹೆಂಗಸರು ಗಂಜಿ ಕಾಯಿಸುತ್ತಿದ್ದರು. ಹೊಸದಾಗಿ ಬಂದ ಸಭಾಪಾಲಕರು ಚಿಕ್ಕ ವಯಸ್ಸಿನವರು, ಈ ವರ್ಷ ಐದನೆಯ ಮಾತನ್ನು ಅಕ್ಕೋರು ಹೇಳಲಿ ಎಂದರು. ಐದನೆಯದು ಬಾಯಾರಿಕೆಯ ಮಾತು. ನೀರೇ ಕುಡಿಯದ ಹೆಂಗಸಿಗೆ ಬಾಯಾರಿಕೆಯ ಪ್ರಸಂಗ! ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆದರೆ ಅತ್ತೆಯವರ ಮುಖ ನೋಡಿದಾಗ ನಗು ನಿಂತಿತು. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ಕಂಡಿರಲಿಲ್ಲ. ಇದೊಂದನ್ನು ಮಾತ್ರ ಅವರು "ಬ್ಯಾಡ" ಎನ್ನಲಿಲ್ಲ. ಗರಗದ ಖಾದಿ ಬಟ್ಟೆ ತರಿಸಿ ಹೊಸ ಬಿಳಿ ಕುಪ್ಪಸ ಹೊಲಿದುಕೊಂಡರು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ತಮ್ಮಷ್ಟಕ್ಕೆ ತಾವೇ ಪ್ರಸಂಗ ಮಾಡಿಕೊಳ್ಳುತ್ತಿದ್ದರು.

ಗುರುವಾರ ಸಂಜೆ ಓಣಿಯ ತುದಿಯಲ್ಲಿ ನೀರು ಬಿಡುವವರು ಕೂಗಿ ಹೇಳಿದರು, "ನಾಳೆ ಮಧ್ಯಾಹ್ನ ನಳಾ ಬರತಾವ್ರಿ!" ಹೋದ ಸಲದ ನೀರು ತಳ ಕಂಡಿತ್ತು. ಇದನ್ನು ಬಿಟ್ಟರೆ ಮತ್ತೆ ವಾರ ಕಾಯಬೇಕು.

"ನಾ ಮನ್ಯಾಗ ಇರತೇನಿ" ಎಂದೆ ನಾನು.

"ನೀ ಯಾಕ? ನಾ ಇರತೇನಿ. ನನಗ ಸಾಹೇಬರು ರಜಾ ಕೊಟ್ಟಾರ" ಎಂದರು ಗಂಡ. ಶುಭ ಶುಕ್ರವಾರ ಎಲ್ಲರಿಗೂ ರಜೆ ಎಂಬುದು ಅವರಿಗೆ ಮರೆತಿತ್ತು.

ಪಕ್ಕದ ಮನೆಯ ಅಕ್ಕ ಗೋಡೆಯ ಮೇಲಿಂದಲೇ, "ಮೂರೂ ಮಂದಿ ಹೋಗ್ರಿ, ನಿಮ್ಮ ನಳಾ ನಾ ನೋಡಕೋತೇನಿ" ಎಂದರು.

"ಬ್ಯಾಡವಾ, ನಿನಗ ತ್ರಾಸು" ಎಂದ ಅತ್ತೆಯವರು ಒಳಗೆ ಬಂದು ಶಾಂತವಾಗಿ ಹೇಳಿದರು, "ನೀವಿಬ್ಬರೂ ಹೋಗ್ರಿ. ನೀರು ತುಂಬೂದು ನನಗ ರೂಢಿ ಐತಿ. ಬ್ಯಾರೆ ಯಾರರ ಆ ಮಾತು ಹೇಳಲಿ ಅಂತ ಸಭಾಪಾಲಕರಿಗೆ ಫೋನ್ ಮಾಡೇನಿ. ಹೆಂಗೂ ನನಗ ಭಾಷಣಾ ಬರೂದಿಲ್ಲ."

ಅವರು ಫೋನು ಮಾಡಿಯೇ ಬಿಟ್ಟಿದ್ದರು. ಹೊಸ ಕುಪ್ಪಸ ಗೂಟಕ್ಕೆ ತೂಗುಹಾಕಿತ್ತು. ಅದನ್ನು ನೋಡಿದ್ದೇ ನನ್ನ ತಲೆ ಕೆಟ್ಟಿತು. ಚಹಾ ಇಲ್ಲದ ತಲೆ ಬೇರೆ.

"ಅತ್ತಿಯವರ, ಎಲ್ಲಾರ ಸಲುವಾಗಿ ಆತ ಒಬ್ಬ ಸತ್ತದ್ದು ಸಾಕ್ರಿ. ಅಷ್ಟು ಸಾಲಲಿಲ್ಲಂತ ನೀವೂ ದಿನಾ ಸಾಯಬ್ಯಾಡ್ರಿ. ನೀವು ಬಿಟ್ಟುಕೊಟ್ಟದ್ದನ್ನ ಉಂಡು ಉಂಡು ನಮಗ ಅಜೀರ್ಣ ಆಗೇತಿ!"

ಗಂಡ ನೀರಿನ ಟಾಕಿ ನೋಡಿ ಬರುವ ನೆಪದಲ್ಲಿ ಮಾಳಿಗೆ ಹತ್ತಿದರು. ಅತ್ತೆಯವರು ಕೋಣೆಗೆ ಹೋದರು. ನನಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು, ಆದರೆ ಆಡಿದ ಮಾತು ಖರೇ ಇತ್ತು. ನಾನೇ ಸಭಾಪಾಲಕರಿಗೆ ಫೋನು ಮಾಡಿ, "ಅಕ್ಕೋರ ಬರತಾರ್ರಿ, ಹೆಸರು ತಗೀಬ್ಯಾಡ್ರಿ" ಎಂದೆ.

ಬೆಳಿಗ್ಗೆ ಅತ್ತೆಯವರು ಹೊಸ ಕುಪ್ಪಸ ಹಾಕಿಕೊಂಡು ಬಂದರು. ನನಗೆ ಬೆನ್ನು ತಿರುಗಿಸಿ ಬೈಬಲ್ಲನ್ನು ಚೀಲಕ್ಕೆ ಹಾಕಿಕೊಂಡರು. ನಾನು ಅವರ ಚೀಲದಲ್ಲಿ ನೀರಿನ ಬಾಟಲಿ ಇಟ್ಟು, "ಉಪವಾಸ ಇದ್ರೂ ನೀರು ಕುಡೀರಿ, ಡಾಕ್ಟರ ಹೇಳ್ಯಾರ" ಎಂದೆ. ನಳ ಕಾಯಲು ನನ್ನನ್ನು ಬಿಟ್ಟು ತಾಯಿ ಮಗ ಹೋದ ಮೇಲೆ ನೋಡಿದರೆ ಬಾಟಲಿ ಹೊಸ್ತಿಲ ಪಕ್ಕದಲ್ಲಿ ಕುಳಿತಿತ್ತು. ಹೊರಗೆ ಬಿಸಿಲು ಕೆಂಡದಂತೆ ಸುರಿಯುತ್ತಿತ್ತು. ಬೆಳಗಿನಿಂದ ಹನಿ ನೀರಿಲ್ಲದ, ಒಂದೇ ಮೂತ್ರಪಿಂಡವನ್ನು ನೆಚ್ಚಿಕೊಂಡ ಮುದುಕಿ ಮೂರು ತಾಸು ಕೂಡಬೇಕು. ಹೋಗಿ ಕೊಟ್ಟು ಬರೋಣವೆಂದು ಬಾಟಲಿ ಎತ್ತಿಕೊಂಡೆ. ಆಗಲೇ ಓಣಿಯಲ್ಲಿ ಕೂಗೆದ್ದಿತು, "ನಳಾ ಬಂತ್ರೀ!"

ಆಮೇಲಿನದು ನಮ್ಮ ಓಣಿಯ ಹಬ್ಬ. ಕೊಡ, ಹಂಡೆ, ಬಕೀಟು, ಬ್ಯಾರಲ್ಲು ಎಲ್ಲ ಬೀದಿಗೆ ಬಂದವು. ಕರೆಂಟು ಹೋಗಿತ್ತು, ಮೋಟಾರು ಹಚ್ಚುವಂತಿಲ್ಲ, ನಳಕ್ಕೆ ಪೈಪು ಸಿಕ್ಕಿಸಿ ಕೈಯಲ್ಲಿ ಹಿಡಿದೇ ತುಂಬಬೇಕು. ಚರ್ಚು ಇರುವುದು ನಮ್ಮ ಓಣಿಯ ಬೆನ್ನಿಗೇ. ಆ ದಿನ ವರ್ಷವಿಡೀ ಮುಖ ತೋರಿಸದವರೂ ಬರುತ್ತಾರೆಂದು ಅಂಗಳದಲ್ಲಿ ಪೆಂಡಾಲು ಹಾಕಿ, ಜನರೇಟರು ತಂದು, ಹೊರಗೂ ಸ್ಪೀಕರು ಇಟ್ಟಿದ್ದರು. ಹೀಗಾಗಿ ನೀರು ತುಂಬುತ್ತಲೇ ನಾವೆಲ್ಲ ಆರಾಧನೆ ಕೇಳಿದೆವು. ನಾಲ್ಕನೆಯ ಮಾತಿನ ಹಿರಿಯರು ಎಂದಿನಂತೆ ಗಡಿಯಾರ ನೋಡಲಿಲ್ಲ. ಅವರು ಮುಗಿಸುವಷ್ಟರಲ್ಲಿ ನನ್ನ ಎರಡು ಬ್ಯಾರಲ್ಲು ತುಂಬಿದ್ದವು.

ಆಮೇಲೆ ಅತ್ತೆಯವರ ದನಿ ಬಂತು. ತೆಳ್ಳಗೆ, ಒಣಗಿದ ದನಿ.

"ಪಾಸ್ಟರು ಬರದು ಕೊಟ್ಟಾರ, ಅದನ್ನ ಓದೂದಿಲ್ಲ. ನಿನ್ನಿ ನನ್ನ ಸೊಸಿ ನನಗ ಬೈದ್ಳು."

ಓಣಿಯ ಹೆಂಗಸರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ನಾನು ಹಂಡೆಯೊಳಗೆ ಮುಖ ಬಗ್ಗಿಸಿದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಭಾಳ ಸಿಟ್ಟು ಬಂತು. ಆಮ್ಯಾಲೆ ಈ ಐದನೇ ಮಾತು ಮತ್ತ ಓದಿದೆ. ಇಷ್ಟು ವರ್ಷ ಪಾಪ, ಆತಗ ಯಾರೂ ನೀರು ಕೊಡಲಿಲ್ಲಂತ ಅತ್ತಾಕಿ ನಾನು. ಆದ್ರ ಆತ ಬಾಯಿಬಿಟ್ಟು ಕೇಳಿದ ಅನ್ನೂದ ನನ್ನ ಕಿವ್ಯಾಗ ಬಿದ್ದಿರಲಿಲ್ಲ. ಜೀವಾ ಕೊಡಾಕ ಬಂದಾತ, ನನಗ ನೀರಡಿಕಿ ಆಗೇತಿ ಅಂದ. ಯಾರ ಮುಂದ? ಮೊಳಿ ಬಡದವರ ಮುಂದ. ಆತನ ಜಾಗಾದಾಗ ನಾ ಇದ್ದಿದ್ರ ಏನಂತಿದ್ದೆ ಗೊತ್ತೇನ್ರಿ? ‘ಏ, ನನಗೇನೂ ಬ್ಯಾಡ, ಆಗಲೇ ಕುಡದೇನಿ’ ಅಂತಿದ್ದೆ."

ಸ್ಪೀಕರಿನಲ್ಲಿ ನಗೆ ಕೇಳಿಸಿತು. ಶುಭ ಶುಕ್ರವಾರ ಚರ್ಚಿನಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲಿರಬೇಕು. ಅತ್ತೆಯವರು ನಗಲಿಲ್ಲ.

"ಕೊಡೂದು ನನಗ ಸರಳ. ಕೊಟ್ಟಾಗ ನಾ ಮ್ಯಾಲೆ ಇರತೇನಿ. ಇಸಗೊಳ್ಳಾಕ ಬಗ್ಗಬೇಕು. ಬಗ್ಗೂದು ನನಗ ಬರೂದಿಲ್ಲ. ಅದಕ್ಕ ನಾ ತ್ಯಾಗ ಅಂತ ಹೆಸರಿಟ್ಟಿದ್ದೆ, ಅದರಾಗ ಸೊಕ್ಕು ಭಾಳ ಇತ್ತು." ಸ್ಪೀಕರಿನಲ್ಲಿ ಒಣ ಕೆಮ್ಮೊಂದು ಕೇಳಿಸಿತು. "ನನಗ ನೀರಡಿಕಿ ಆಗೇತಿ. ಯಾರರ ನನಗೊಂದು ಲೋಟಾ ನೀರು ಕೊಡ್ರಿ."

ಒಳಗೆ ಯಾರೋ ಗದ್ಗದಿಸಿ "ಆಮೆನ್" ಎಂದರು. ಇನ್ನೂ ನಾಲ್ಕು ಕಡೆಯಿಂದ "ಆಮೆನ್" ಬಂತು. ಪ್ರಸಂಗ ಎಷ್ಟು ಚೆನ್ನಾಗಿ ಮುಗಿಸಿದರು ಎಂದುಕೊಂಡು ಸಭೆಯೆಲ್ಲ ತಲೆ ಬಗ್ಗಿಸಿ ಕುಳಿತಿದೆ! ಮೂರು ಗಂಟೆಯವರೆಗೆ ನೀರು ಮುಟ್ಟದ ಚರ್ಚಿನಲ್ಲಿ ನೀರು ಕೇಳಿದರೆ ಅದು ನೀರೇ ಎಂದು ಯಾರಿಗೆ ಹೊಳೆಯಬೇಕು? ಅವರ ಹೆತ್ತ ಮಗನೂ ಅಲ್ಲಿಯೇ ಕಣ್ಣು ಮುಚ್ಚಿ ಕುಳಿತಿದ್ದರೆಂದು ಆಮೇಲೆ ಗೊತ್ತಾಯಿತು.

"ಯವ್ವಾ, ಖರೇನ ಕೇಳಾಕತ್ತಾರ!" ಎಂದೆ ನಾನು.

"ಹಂಗಂದ್ರ ನಿಂತೀ ಯಾಕ? ಓಡು!" ಪಕ್ಕದ ಮನೆಯ ಅಕ್ಕ ನನ್ನ ಕೈಯಿಂದ ಪೈಪು ಕಿತ್ತುಕೊಂಡರು. ಎಡಗೈಯಲ್ಲಿ ಅವರ ಪೈಪು, ಬಲಗೈಯಲ್ಲಿ ನಮ್ಮದು.

ತಂಬಿಗೆ ತುಂಬಿಕೊಂಡು ಓಡಿದೆ. ಕಾಲಲ್ಲಿ ಚಪ್ಪಲಿ ಇಲ್ಲ, ಸೀರೆ ಮೊಣಕಾಲಿನವರೆಗೆ ತೊಯ್ದು ಕಾಲಿಗೆ ಸುತ್ತಿಕೊಳ್ಳುತ್ತಿದೆ. ಬಿಳಿ ಬಟ್ಟೆಯುಟ್ಟು ಗಂಭೀರವಾಗಿ ಕುಳಿತ ಅಷ್ಟೂ ಮಂದಿಯ ನಡುವಿನ ದಾರಿಯಲ್ಲಿ ನಾನು ಕೆಂಪು ಹೂವಿನ ಹಳೆಯ ಸೀರೆಯಲ್ಲಿ, ನೀರು ಚೆಲ್ಲುತ್ತ, ಪಚಪಚ ಹೆಜ್ಜೆ ಹಾಕುತ್ತ ನಡೆದೆ. ಅತ್ತೆಯವರು ಎರಡೂ ಕೈಯಲ್ಲಿ ಮೇಜು ಹಿಡಿದು ನಿಂತಿದ್ದರು. ತುಟಿ ಬಿಳಿಚಿತ್ತು. ನನ್ನನ್ನು ನೋಡಿ ಅವರು "ಯಾಕ ಬರಾಕ ಹೋದಿ" ಎನ್ನಲಿಲ್ಲ, "ನೀ ಕುಡದೀ ಏನು" ಎಂದೂ ಕೇಳಲಿಲ್ಲ. ಕೈ ಚಾಚಿದರು. ತಂಬಿಗೆ ಎತ್ತಿ ಗಟಗಟ ಕುಡಿದರು. ಹೊಸ ಕುಪ್ಪಸದ ಮೇಲೆಲ್ಲ ನೀರು ಹರಿಯಿತು. ಮೈಕು ಆ ಗುಟುಕುಗಳನ್ನೂ ಓಣಿಯವರೆಗೆ ಮುಟ್ಟಿಸಿತಂತೆ.

ಕುಡಿದು ಮುಗಿಸಿ, ಮೈಕು ಇದೆಯೆಂಬುದನ್ನು ಮರೆತು ನನ್ನನ್ನು ಕೇಳಿದರು, "ನಳಾ ಬಿಟ್ಟು ಬಂದೀ ಏನು?"

ಸಭೆಗೆ ಸಭೆಯೇ ನಕ್ಕಿತು. ನಾನು ಮಾತ್ರ ಅಳುತ್ತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನನ್ನ ಕೈಯಿಂದ ಅವರು ಕೇಳಿ ಇಸಿದುಕೊಂಡ ಮೊದಲ ವಸ್ತು ಆ ನೀರು. ಸಭಾಪಾಲಕರು ಎದ್ದು ನಿಂತು, ಏನು ಮಾಡುವುದೆಂದು ತಿಳಿಯದೆ ಆರನೆಯ ಮಾತಿಗೆ ಹೊರಳಿದರು.

ಮನೆಗೆ ಬಂದಾಗ ನಮ್ಮ ಹಂಡೆ, ಬ್ಯಾರಲ್ಲು, ಕೊಡ ಎಲ್ಲ ತುಂಬಿದ್ದವು. ಪಕ್ಕದ ಮನೆಯ ಅಕ್ಕ ಕಟ್ಟೆಯ ಮೇಲೆ ತೋಳು ನೀವಿಕೊಳ್ಳುತ್ತ ಕುಳಿತಿದ್ದರು. ಅತ್ತೆಯವರು ಅವರ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದರು. ‘ಯಾಕ ತ್ರಾಸು ತಗೊಂಡಿ’ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು, ನನಗೆ ಕಾಣುತ್ತಿತ್ತು. ಅದನ್ನು ನುಂಗಿಕೊಂಡು, "ಛಲೋ ಮಾಡಿದಿ ಯವ್ವಾ" ಎಂದರು.

"ಇನ್ನ ಮುಂದ ಹೋಳಿಗಿ ತಿರುಗಿ ಕಳಿಸಬ್ಯಾಡ್ರಿ ಮತ್ತ" ಎಂದರು ಅಕ್ಕ.

ಮನುಷ್ಯರು ಒಂದು ದಿನದಲ್ಲಿ ಬದಲಾಗುವುದಿಲ್ಲ. ಶನಿವಾರ ಸುಟ್ಟ ರೊಟ್ಟಿಗೆ ಅತ್ತೆಯವರ ಕೈ ಹೋಗಿತ್ತು, ನಾನು ಕೆಮ್ಮಿದ ಮೇಲೆ ಹಿಂದೆ ಸರಿಯಿತು. ಈಸ್ಟರಿನ ದಿನ ಕೋಳಿಸಾರು ಮಾಡಿದೆ. ಎಲ್ಲರದೂ ಊಟವಾಗುತ್ತ ಬಂತು. ಪಾತ್ರೆಯಲ್ಲಿ ಕೊನೆಯದಾಗಿ ಒಂದು ಕಾಲು ಉಳಿಯಿತು. ಮೂವರೂ ಅದನ್ನು ನೋಡಿದೆವು. ಬೆಕ್ಕು ಹೊಸ್ತಿಲ ಮೇಲೆ ಬಂದು ಬಾಲ ಸುತ್ತಿಕೊಂಡು ಕುಳಿತಿತು. ನಿಜ ಹೇಳಬೇಕೆಂದರೆ, ಆ ಕಾಲಿನ ಮೇಲೆ ಅದು ಒಲೆಯ ಮೇಲಿದ್ದಾಗಿನಿಂದ ನನ್ನ ಕಣ್ಣಿತ್ತು. ಎಷ್ಟೋ ವಾರಗಳ ನಂತರದ ಕೋಳಿ ಅದು.

ಅತ್ತೆಯವರು ತಾಟು ಮುಂದೆ ಮಾಡಿದರು. "ಅದನ್ನ ನನಗ ಹಾಕವಾ."

ಹಾಕಿದೆ. ಅರ್ಧ ಮುರಿದು ನನ್ನ ತಾಟಿಗೆ ಇಡುತ್ತಾರೇನೋ ಎಂದು ನೋಡಿದೆ. ಇಡಲಿಲ್ಲ. ಉಳಿದಷ್ಟು ಹಲ್ಲಿನಲ್ಲಿ, ಯಾವ ಅವಸರವೂ ಇಲ್ಲದೆ, ಎಲುಬಿನವರೆಗೂ ತಿಂದರು. ಬಾಯಲ್ಲಿ ನೀರೂರುತ್ತಿತ್ತು, ಕಣ್ಣಲ್ಲೂ ಊರುತ್ತಿತ್ತು, ನಾನು ಸುಮ್ಮನೆ ನೋಡುತ್ತ ಕುಳಿತೆ. ಅವರು ಎಲುಬನ್ನು ಬೆಕ್ಕಿನ ಮುಂದೆ ಹಾಕಿ ನನ್ನ ಕಡೆ ತಿರುಗಿದರು.

"ನೀರು ತಾ" ಎಂದರು.

ದೊಡ್ಡ ತಂಬಿಗೆಯಲ್ಲೇ ತಂದುಕೊಟ್ಟೆ.